ಬನಶಂಕರಮ್ಮನ ಮುಖ

ತಾಷ್ಕೆಂಟ್
೧೪ ಏಪ್ರಿಲ್ ೨೦೨೪

ಅಕ್ಕನ ಮಗಳು ಶ್ರೀಲತಾಳಿಗೆ,

ಉಜ್ಬೇಕಿಸ್ತಾನದ ಮಹಾರಾಜ ನಿನ್ನೆ ಊಟ ಬಿಟ್ಟು ನನ್ನೆದುರು ಕೂತಿದ್ದ. ಕಿರೀಟ ಭಾರ ಅಂತ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಬ್ಯಾಡ ಸ್ವಾಮಿ, ಕಿರೀಟ ಇಲ್ದಿದ್ರೆ ನೀವು ನಮ್ಮ ಹಿಂದೂಪುರದ ಹುಣಸೇಹಣ್ಣಿನ ದಲ್ಲಾಳಿ ಕಂಡಂಗೆ ಕಾಣ್ತೀರಿ" ಅಂದೆ. ತಕ್ಷಣ ತಲೆಗಿಟ್ಟುಕೊಂಡ. ಚಿತ್ರ ಮುಗಿದಾಗ ಅವನ ಕಣ್ಣಲ್ಲಿ ನೀರು. ತನ್ನ ಹೆತ್ತ ತಂದೆಗೂ ತನ್ನ ಮುಖ ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲವಂತೆ. ಆ ಚಿತ್ರ ಅರಮನೆಯಲ್ಲೇ ಉಳಿಯಿತು, ಹಾಗಾಗಿ ನಿನಗೆ ಕಳಿಸಲು ಆಗಲಿಲ್ಲ.

ಕಳಿಸಿರುವುದು ಉಳಿದವರದು. ಮೊದಲನೆಯವನು ನಮ್ಮ ಬಸ್ಸಿನ ಡ್ರೈವರ್ ರುಸ್ತಮ್. ಸ್ಟೇರಿಂಗ್ ಮೇಲೆ ಗಲ್ಲ ಇಟ್ಟು ನಿದ್ದೆ ಮಾಡುವಾಗ ಬರೆದದ್ದು. ಎಚ್ಚರವಾದಾಗ ಅವನು ಇಷ್ಟು ಒಳ್ಳೆಯವನಾಗಿ ಕಾಣುವುದಿಲ್ಲ. ಎರಡನೆಯವನು ಹೋಟೆಲಿನಲ್ಲಿ ಕೋಟುಗಳನ್ನು ಕಾಯುವ ಮುದುಕ. ಬೇಸಿಗೆ ಬಂದು ಯಾರೂ ಕೋಟು ಹಾಕಿಕೊಂಡು ಬರುವುದಿಲ್ಲ, ಆದರೂ ಖಾಲಿ ಮೊಳೆಗಳ ಮುಂದೆ ಕೂತೇ ಇರುತ್ತಾನೆ.

ನಾನು ಇಲ್ಲಿಗೆ ಬಂದಿರುವುದು ಚಿತ್ರಕಾರನಾಗಿಯೇ, ತಿಳಿದುಕೋ. ಬೆಂಗಳೂರಿನ ಪ್ರವಾಸದ ಕಂಪನಿಯವರು ಗುಂಪಿನ ಜೊತೆ ಅಡುಗೆಯವರನ್ನೂ ವಿಮಾನ ಹತ್ತಿಸುತ್ತಾರೆ. ಅನ್ನ ಸಾರು ಇಲ್ಲದಿದ್ದರೆ ನಮ್ಮ ಜನ ಎಂಥ ಗೋಪುರ ತೋರಿಸಿದರೂ ತಲೆ ಎತ್ತುವುದಿಲ್ಲ. ನಾನು ಆ ಅಡುಗೆಗೆ ಮೇಲ್ವಿಚಾರಕ. ಈರುಳ್ಳಿ ಮುಟ್ಟುವುದು ಅಪರೂಪ. ಹಿಂದೂಪುರದ ಅಂಗಡಿ ಬೋರ್ಡುಗಳನ್ನೆಲ್ಲ ಬರೆದ ಕೈ ಇದು. ಫ್ಲೆಕ್ಸ್ ಬಂದು ಬ್ರಷ್ಷು ಒಣಗಿಸಿತು, ಕೈಯನ್ನಲ್ಲ.

ಯುಗಾದಿಗೆ ನೀನು ಕೇಳಿದ ಕೆಲಸ ನೆನಪಿದೆ. ನನಗೆ ಅದು ಎಡಗೈ ಕೆಲಸ. ಬೆಳಕು ಸರಿಯಾಗಿ ಸಿಗಲಿ, ಬರೆದುಕೊಡುತ್ತೇನೆ. ಫೋನಿನಲ್ಲಿ ಮುಖ ತೋರಿಸು ಅಂತ ಮಾತ್ರ ಕೇಳಬೇಡ. ಫೋನಿನಲ್ಲಿ ನನ್ನ ಹಿಂದೆ ಏನಿದೆ ಅನ್ನುವುದೂ ಕಾಣುತ್ತದೆ. ಕಾಗದದಲ್ಲಾದರೆ ನಾನು ಹೇಳಿದ್ದಷ್ಟೇ ಕಾಣುತ್ತದೆ.

ನಿನ್ನ ಮಾವ
ಓಬುಳಪತಿ


ಕಲ್ಯಾಣದುರ್ಗ
೧೦ ಮೇ ೨೦೨೪

ಮಾವ,

ಉಜ್ಬೇಕಿಸ್ತಾನದಲ್ಲಿ ರಾಜ ಇಲ್ಲ. ಫೋನಿನಲ್ಲಿ ನೋಡಿದೆ. ನಮ್ಮತ್ತೆ ಈರಕ್ಕನಿಗೆ ನಿಮ್ಮ ಕಾಗದ ಓದಿ ಹೇಳಿದರೆ, "ಇರ್ಲಿ ಬಿಡೇ, ಇಲ್ದೇ ಇರೋ ರಾಜಂಗೆ ಇಲ್ದೇ ಇರೋ ಚಿತ್ರ. ಲೆಕ್ಕ ಸರಿಹೋಯ್ತು" ಅಂದರು. ಕೋಟು ಕಾಯುವ ಮುದುಕನನ್ನು ಮಾತ್ರ ಬಹಳ ಹೊತ್ತು ನೋಡಿದರು.

ಈ ಕಾಗದವನ್ನು ಹಿಂದೂಪುರದ ಚೆನ್ನಕೇಶವಣ್ಣನ ಪಟದ ಅಂಗಡಿಗೇ ಹಾಕುತ್ತಿದ್ದೇನೆ. ಅಂಗಡಿಯ ಹಿಂದಿನ ನಿಮ್ಮ ರೂಮಿಗೆ ನೀವು ಯಾವಾಗ ಬರುತ್ತೀರೋ ಆಗ ಓದಿ.

ಮಾವ, ತಮಾಷೆ ಬಿಟ್ಟು ಹೇಳುತ್ತೇನೆ. ನಮ್ಮ ಮನೆಯ ನಡುಮನೆ ಗೋಡೆ ನೀವು ನೋಡಿದ್ದೀರಿ. ನನ್ನ ಗಂಡ ಜಯಚಂದ್ರನ ಅಪ್ಪ, ಅಜ್ಜ, ಅಜ್ಜಿ, ಚಿಕ್ಕಜ್ಜಿ ಎಲ್ಲರ ಪಟಗಳೂ ಸಾಲಾಗಿವೆ. ಮಹಾಲಯ ಅಮಾವಾಸ್ಯೆಗೆ, ಹಿರಿಯರ ಹಬ್ಬಕ್ಕೆ, ಎಲ್ಲರನ್ನೂ ಇಳಿಸಿ ಒರೆಸಿ ಕುಂಕುಮ ಇಟ್ಟು ಹಾರ ಹಾಕಿ ಎಡೆ ಇಡುತ್ತಾರೆ. ಸಾಲಿನ ಕೊನೆಯಲ್ಲಿ ನಮ್ಮಮ್ಮನ ಹೆಸರಲ್ಲಿ ಒಂದು ಚೊಂಬು, ಅದರ ಮೇಲೆ ಮಡಿಸಿದ ಸೀರೆ. ಮದುವೆಯಾದ ಮೇಲೆ ಪ್ರತಿ ವರ್ಷವೂ ಅಷ್ಟೇ. ಯಾರೂ ಒಂದು ಮಾತು ಅಂದಿಲ್ಲ. ಹೋದ ವರ್ಷ ನನ್ನ ಮಗಳು ಅನಿತಾ "ಅಮ್ಮ, ನಿಮ್ಮಮ್ಮ ಚೊಂಬಾ?" ಅಂತ ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಮ್ಮ ತೀರಿಹೋದಾಗ ನಾನು ತೊಟ್ಟಿಲಲ್ಲಿದ್ದೆ. ಇದ್ದ ಒಂದು ಮದುವೆ ಫೋಟೋ ಗೆದ್ದಲು ತಿಂದಿತು. ಅಪ್ಪನೂ ಇಲ್ಲ. ಅವಳ ಮುಖ ಈಗ ಇರುವುದು ನಿಮ್ಮ ತಲೆಯಲ್ಲಿ ಮಾತ್ರ. ಒಂದು ಸಲ ನೋಡಿದ ಮುಖ ನಾನು ಮರೆಯಲ್ಲ ಅಂತ ನೀವು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೀರಿ. ಹಬ್ಬದೊಳಗೆ ಬರೆದುಕೊಡಿ. ಬೇರೆ ಏನೂ ಕೇಳುವುದಿಲ್ಲ.

ಶ್ರೀಲತಾ


ದಾ ನಾಂಗ್, ವಿಯೆಟ್ನಾಂ
೬ ಜೂನ್ ೨೦೨೪

ಶ್ರೀಲತಾ,

ನಿನ್ನ ಕಾಗದ ನೋಡಿಕೊಂಡೇ ಬಂದೆ. ರಾಜ ಇಲ್ಲ ಅಂದೆಯಲ್ಲ, ಈಗಿನ ಕಾಲದ ರಾಜರು ಫೋನಿಗೆ ಸಿಕ್ಕುತ್ತಾರೆಯೇ? ಗುಟ್ಟಾಗಿರುತ್ತಾರೆ.

ಇಲ್ಲಿ ಸಮುದ್ರ ಇದೆಯಂತೆ. ಗುಂಪಿನವರು ದಿನಾ ಹೋಗಿ ಬಂದು ಹೇಳುತ್ತಾರೆ. ನಾನು ಹೋಟೆಲಿನ ಹಿಂಬಾಗಿಲಿನಲ್ಲೇ ರಾಜ್ಯಭಾರ ಮಾಡುತ್ತಿದ್ದೇನೆ, ಯಾಕೆಂದರೆ ನೋಡತಕ್ಕ ಮುಖಗಳೆಲ್ಲ ಹಿಂಬಾಗಿಲಿನಲ್ಲೇ ಓಡಾಡುತ್ತವೆ. ಮುಂಬಾಗಿಲಿನವರದೆಲ್ಲ ಒಂದೇ ನಗು.

ತುಮಕೂರಿನ ಒಬ್ಬ ಯಜಮಾನರು ಬೆಳಿಗ್ಗೆ ಬಂದು, "ಏನ್ರೀ ಅಡುಗೆಯವ್ರೇ, ಉಪ್ಪಿಟ್ಟು ಗಂಟ್ ಕಟ್ಕೊಂಡೈತಲ್ಲ" ಅಂದರು. "ಸಮುದ್ರದ ಗಾಳಿ ಸ್ವಾಮಿ, ರವೆಗೆ ಹೆದರಿಕೆ ಆಗೈತೆ" ಅಂದೆ. ನಕ್ಕು ಎರಡನೇ ಸಲ ಹಾಕಿಸಿಕೊಂಡರು. ಇಲ್ಲಿ ಎಲ್ಲರಿಗೂ ನಾನು ಅಡುಗೆಯವನೇ. ಮೊನ್ನೆ ಯಾರೋ "ಓಬುಳಪತೀ" ಅಂದ ಹಾಗಾಯಿತು. ಸೌಟು ಹಿಡಿದೇ ತಿರುಗಿ ನೋಡಿದೆ. ಕುಕ್ಕರಿನ ಆವಿ.

ಈ ಸಲದ ಚಿತ್ರಗಳು: ಹಾಸಿಗೆ ಬಟ್ಟೆ ಒಗೆಯುವ ಹೆಂಗಸು, ಸೀಗಡಿ ತಂದು ಕೊಡುವ ದೋಣಿಯವಳು, ಮೀನಿನ ಬುಟ್ಟಿ ಹೊತ್ತವಳು. ಬಟ್ಟೆ ಒಗೆಯುವವಳಿಗೆ ನನ್ನ ಮಾತು ಬರುವುದಿಲ್ಲ, ನನಗೆ ಅವಳದು. ಕಟ್ಟೆಯ ಮೇಲೆ ಕೂರಿಸಿ ನೆಟ್ಟಗೆ ನೋಡು ಅಂತ ಕೈ ಸನ್ನೆ ಮಾಡಿದೆ. ಅವಳು ನೋಡಿದ ರೀತಿಗೆ ಪೆನ್ಸಿಲ್ ನಿಂತೇ ಹೋಯಿತು. ಹಣೆ ಗಮನಿಸು. ದೋಣಿಯವಳ ಕೆನ್ನೆಯ ಮೂಳೆಯನ್ನೂ ಗಮನಿಸು.

ಅಂದಹಾಗೆ, ನಿನ್ನ ಹಣೆ ಅಗಲವೋ ಕಿರಿದೋ? ಕೂದಲು ಎಲ್ಲಿಂದ ಶುರುವಾಗುತ್ತದೆ? ಸುಮ್ಮನೆ ಕೇಳಿದೆ.

ನಿನ್ನ ಕೆಲಸ ನಡೆಯುತ್ತಿದೆ. ದೊಡ್ಡ ಚಿತ್ರಕ್ಕೆ ಕೈ ಪಳಗಬೇಕು, ಅವಸರ ಮಾಡಬಾರದು.

ಓಬುಳಪತಿ


ಕಲ್ಯಾಣದುರ್ಗ
೧೮ ಜುಲೈ ೨೦೨೪

ಮಾವ,

ನೀವು ಹಿಂದೂಪುರಕ್ಕೆ ಬಂದು, ಇದ್ದು, ಮತ್ತೆ ಹೊರಟೂ ಹೋದಿರಂತೆ. ಚೆನ್ನಕೇಶವಣ್ಣ ಫೋನಿನಲ್ಲಿ ಹೇಳಿದರು. "ದಿನಾ ಬಸ್‌ಸ್ಟ್ಯಾಂಡ್ ಕಡೀಕ್ ಹೋಯ್ತಿದ್ದ ಕಣಮ್ಮ, ಕಲ್ಯಾಣದುರ್ಗಕ್ಕೆ ಹೋಯ್ತೀನಿ ಅಂತಿದ್ದ, ಮಧ್ಯಾಹ್ನಕ್ಕೆ ವಾಪಸ್ ಬಂದ್ಬುಡ್ತಿದ್ದ" ಅಂದರು. ನಮ್ಮ ಮನೆಯ ಊಟ ಕೆಟ್ಟಿತ್ತೇ?

ನಾನು ಅಪ್ಪನ ಹಾಗೆ, ಹಣೆಯಿಂದ ಕಾಲಿನವರೆಗೂ. ಎಲ್ಲರೂ ಅದನ್ನೇ ಹೇಳುತ್ತಾರೆ. ಯಾಕೆ ಕೇಳಿದಿರಿ?

ಕಾಗದದಲ್ಲಿ ಬರೀ ಹೆಂಗಸರೇ ಬರುತ್ತಿದ್ದಾರೆ ಅಂತ ನಮ್ಮತ್ತೆ ಗಮನಿಸಿದ್ದಾರೆ. "ನಿಮ್ಮ ಮಾವಂಗೆ ಈ ವಯಸ್ಸಲ್ಲಿ ಪೆಳ್ಳಿ ಆಸೆ ಬಂದೈತೆ ಕಣೇ. ದೇಶ ದೇಶ ಸುತ್ತಿ ಹೆಣ್ಣು ನೋಡ್ತಾವ್ನೆ. ಹಣೆ ನೋಡು, ಕೆನ್ನೆ ನೋಡು ಅಂತ ನಿಂಗ್ಯಾಕ್ ಬರೀತಾನೆ? ಒಪ್ಪಿಗೆ ಕೇಳ್ತಾವ್ನೆ." ನಾನೂ ಹಾಗೇ ಅಂದುಕೊಂಡೆ. ಇದ್ದರೆ ನೇರವಾಗಿ ಹೇಳಿ ಮಾವ, ನಮಗೆ ಸಂತೋಷವೇ. ಒಬ್ಬರೇ ಎಷ್ಟು ದಿನ ಇರುತ್ತೀರಿ?

ಆದರೆ ನಿಮ್ಮ ಮದುವೆಯ ಗಲಾಟೆಯಲ್ಲಿ ನನ್ನ ಅಮ್ಮನನ್ನು ಮರೆಯಬೇಡಿ. ಹಬ್ಬ ಹತ್ತಿರ ಬರುತ್ತಿದೆ.

ಶ್ರೀಲತಾ


ತಾಷ್ಕೆಂಟ್
೨ ಸೆಪ್ಟೆಂಬರ್ ೨೦೨೪

ಶ್ರೀಲತಾ,

ಈರಕ್ಕನ ಕಣ್ಣು ಚುರುಕು. ನಿಜ ಹೇಳಬೇಕೆಂದರೆ ಮೂರು ದೇಶದಿಂದ ಸಂಬಂಧ ಬಂದಿದೆ. ವಿಯೆಟ್ನಾಂನವರು ದೋಣಿ ಕೊಡುತ್ತೇವೆ ಅಂದರು. ಹಿಂದೂಪುರದಲ್ಲಿ ದೋಣಿ ಎಲ್ಲಿ ಬಿಡಲಿ ಅಂತ ಬೇಡ ಅಂದೆ.

ಇದರ ಜೊತೆ ಒಂದೇ ಚಿತ್ರ ಇದೆ. ತಲೆಯ ಮೇಲೆ ಸೆರಗಿನ ಹಾಗೆ ಬಟ್ಟೆ, ಎಡಗೆನ್ನೆಯಲ್ಲಿ ಮಚ್ಚೆ. ಇದನ್ನು ಬರೆಯುವಾಗ ನಾನು ತಮಾಷೆ ಮಾಡಲಿಲ್ಲ. ಮಾಮೂಲಿನಂತೆ ಚೌಕ ಎಳೆದುಕೊಂಡು, ಮೊದಲು ಗಲ್ಲ, ಆಮೇಲೆ ಮೂಗು, ಕಣ್ಣು ಕೊನೆಗೆ. ಕಣ್ಣು ಬರೆದ ಮೇಲೆ ಒಂದು ಗೆರೆಯನ್ನೂ ತಿದ್ದಲಿಲ್ಲ. ಇಷ್ಟು ವರ್ಷದಲ್ಲಿ ಹಾಗಾಗಿರಲಿಲ್ಲ.

ಯಾರು ಅಂತ ನಾನು ಹೇಳುವುದಿಲ್ಲ. ನೀನೇ ಚೆನ್ನಾಗಿ ನೋಡು. ನಮ್ಮೂರು ರೊದ್ದಂಗೆ ಹೋದರೆ ನಾರಮ್ಮನಿಗೂ ತೋರಿಸು. ಅವಳ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಅವಳು ಏನು ಅಂದಳು ಅನ್ನುವುದನ್ನು ಬಿಡದೆ ಬರೆ.

ಓಬುಳಪತಿ


ಕಲ್ಯಾಣದುರ್ಗ
೪ ಅಕ್ಟೋಬರ್ ೨೦೨೪

ನನ್ನ ಪ್ರೀತಿಯ ಮಾವ,

ನೀವು ಎಂಥ ತುಂಟರು! ಹೆಣ್ಣು ನೋಡುತ್ತಿದ್ದೀರಿ ಅಂತ ನಾವು ನಗುತ್ತಿದ್ದರೆ, ನೀವು ಸದ್ದಿಲ್ಲದೆ ಅಮ್ಮನನ್ನು ಕಳಿಸಿಬಿಟ್ಟಿರಿ. "ಯಾರು ಅಂತ ನಾನು ಹೇಳುವುದಿಲ್ಲ" ಅನ್ನುವುದನ್ನು ಓದಿದ ಕೂಡಲೇ ನನಗೆ ಗೊತ್ತಾಯಿತು. ಕೂತುಬಿಟ್ಟೆ. ಹೊಲಿಗೆ ಮಿಷನ್ನಿನ ಮೇಲೆ ರವಿಕೆ ಅರ್ಧದಲ್ಲೇ ಉಳಿಯಿತು.

ಆದರೂ ಮನಸ್ಸು ತಡೆಯದೆ ಜಯಚಂದ್ರನ ಬೈಕಿನಲ್ಲಿ ರೊದ್ದಂಗೆ ಹೋದೆ. ನಾರಮ್ಮ ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಚಿತ್ರ ಕೈಗೆ ಕೊಟ್ಟು, "ಅಜ್ಜಿ, ಯಾರು ಹೇಳು, ನಮ್ಮಮ್ಮ ತಾನೇ?" ಅಂದೆ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಆಮೇಲೆ ಎದೆ ಬಡಿದುಕೊಂಡು, "ಅಯ್ಯೋ ನಾ ತಲ್ಲೀ, ಬನಶಂಕರೀ! ಅದೇ ಮೂಗು ಕಣಮ್ಮ! ಇಷ್ಟ್ ದಿನ ಎಲ್ಲಿಗ್ ಹೋಗಿದ್ಯೇ?" ಅಂತ ಚಿತ್ರದ ಹತ್ತಿರ ಜಗಳಕ್ಕೇ ನಿಂತಳು. ಬೀದಿಯವರೆಲ್ಲ ಬಂದರು. ಓಬಮ್ಮತ್ತೆ ಬಂದು ಅದೇ ಗಲ್ಲ ಅಂದಳು. ಯಾರೋ ಅದೇ ನೋಟ ಅಂದರು.

ನಮ್ಮ ಪೇಟೆಯಲ್ಲೇ ಕಟ್ಟು ಹಾಕಿಸಿದೆ. ಮೊನ್ನೆ ಹಬ್ಬಕ್ಕೆ ಸಾಲಿನ ಕೊನೆಯಲ್ಲಿ ಚೊಂಬು ಇಡಲಿಲ್ಲ. ನಮ್ಮತ್ತೆಯೇ ಅಮ್ಮನಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, "ಬೀಗಿತ್ತೀ, ತಡವಾಗಿ ಬಂದೆ, ಕೂತ್ಕೊ" ಅಂದರು. ನಾನು ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಹೊರಗೆ ನಿಂತು ಅತ್ತೆ. ಸಂತೋಷಕ್ಕೆ ಮಾವ. ನನಗೆ ಇಷ್ಟು ವಯಸ್ಸಾದ ಮೇಲೆ ತಾಯಿ ಸಿಕ್ಕಳು.

ನಿಮ್ಮ ಕೈಗೆ ಚಿನ್ನದ ಕಡಗ ಹಾಕಬೇಕು.

ನಿಮ್ಮ ಶ್ರೀಲತಾ


ಹಿಂದೂಪುರ
೨೮ ಅಕ್ಟೋಬರ್ ೨೦೨೪

ಶ್ರೀಲತಾ,

ಕಾಗದ ತಲುಪಿತು. ನಾನು ಹೇಳಿರಲಿಲ್ಲವೇ, ಎಡಗೈ ಕೆಲಸ ಅಂತ. ನಾರಮ್ಮ ಅಷ್ಟು ಖಂಡಿತವಾಗಿ ಹೇಳಿದ್ದು ಸಂತೋಷ. ಅವಳು ಮೊದಲು ಚಿತ್ರ ನೋಡಿ ಹೇಳಿದಳೋ, ನೀನು ಅಮ್ಮ ಅಂದ ಮೇಲೆ ಹೇಳಿದಳೋ? ಸುಮ್ಮನೆ ಕೇಳಿದೆ.

ಹಾರ ಹಬ್ಬಕ್ಕೆ ಮಾತ್ರ ಸಾಕು. ದಿನಾ ಹಾಕಬೇಡ. ಹೂವಿನ ನೀರು ಬಿದ್ದರೆ ಪೆನ್ಸಿಲ್ ಅಳಿಸಿಹೋಗುತ್ತದೆ.

ಇಲ್ಲಿ ರೂಮಿನಲ್ಲಿ ಕೂತು ಅದೇ ಮುಖವನ್ನು ಇನ್ನೊಂದು ಸಲ ಬರೆಯಲು ನೋಡಿದೆ. ಎದುರಿಗೆ ಯಾರೂ ಇಲ್ಲದೆ ಬರೆಯುವುದು ಬೇರೆ ಥರ. ಚೆನ್ನಕೇಶವ ಬಂದು, "ಯಾಕಪ್ಪಾ, ಬಿಳೀ ಹಾಳೆ ಮುಂದಿಟ್ಕೊಂಡು ಕುಂತಿದ್ದೀಯ, ದೀಪ ಹಾಕ್ಕೋಬಾರ್ದಾ?" ಅಂದ. ಕತ್ತಲಾದದ್ದು ಗೊತ್ತಾಗಿರಲಿಲ್ಲ.

ಓಬುಳಪತಿ


ಕಲ್ಯಾಣದುರ್ಗ
೩೦ ನವೆಂಬರ್ ೨೦೨೪

ಮಾವ,

ಹೂವಿನ ನೀರಿಗೆ ಹೆದರಬೇಡಿ, ಗಾಜು ಹಾಕಿಸಿದ್ದೇನೆ. ದಿನಾ ಹೊಸ ಹಾರ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವಳ ಮುಂದೆ ಒಂದು ಲೋಟ ಕಾಫಿ ಇಟ್ಟು ಮಾತಾಡುತ್ತೇನೆ. ಯಾರ ರವಿಕೆ ಬಿಗಿಯಾಯಿತು, ಯಾರು ಬೈದರು, ಎಲ್ಲ. ಜಯಚಂದ್ರ ನಗುತ್ತಾರೆ. ನಗಲಿ.

ಅನಿತಾಳ ಕಿವಿಯ ಹತ್ತಿರ ಮಚ್ಚೆ ಇದೆಯಲ್ಲ, ಅದು ಎಲ್ಲಿಂದ ಬಂತು ಅಂತ ನಮಗೆ ಗೊತ್ತೇ ಇರಲಿಲ್ಲ. ಈಗ ನಮ್ಮತ್ತೆ ಬಂದವರಿಗೆಲ್ಲ ಪಟ ತೋರಿಸಿ, "ಅಜ್ಜೀದು ಮೊಮ್ಮಗೀಗ್ ಬಂದೈತೆ" ಅನ್ನುತ್ತಾರೆ. ಅನಿತಾ ಕನ್ನಡಿ ಮುಂದೆ ನಿಂತು ಅದನ್ನೇ ನೋಡಿಕೊಳ್ಳುತ್ತಾಳೆ.

ಸಂಕ್ರಾಂತಿ ಕಳೆದ ಮೇಲೆ ಪೇಟೆಯ ಸ್ಟುಡಿಯೋದಲ್ಲಿ ಈ ಚಿತ್ರವನ್ನು ಬಣ್ಣದಲ್ಲಿ ದೊಡ್ಡದು ಮಾಡಿಸಿ ರೊದ್ದಂನ ನೆಂಟರಿಗೆಲ್ಲ ಒಂದೊಂದು ಕೊಡಬೇಕು ಅಂತ ಇದ್ದೇನೆ. ನೀವೇ ಬಂದು ಹೇಳಬೇಕು: ಅಮ್ಮನ ಮೈಬಣ್ಣ ಯಾವುದು? ಕಣ್ಣು ಕಪ್ಪೋ, ಕಂದೋ? ನಕ್ಕರೆ ಹೇಗೆ ಕಾಣುತ್ತಿದ್ದಳು?

ಶ್ರೀಲತಾ


ತಾಷ್ಕೆಂಟ್
೧೯ ಜನವರಿ ೨೦೨೫

ಶ್ರೀಲತಾ,

ಇದನ್ನು ನಿಂತು ಓದಬೇಡ, ಕೂತುಕೋ. ಜಯಚಂದ್ರನೂ ಪಕ್ಕದಲ್ಲಿರಲಿ.

ಮೊದಲು ಎದ್ದು ಹೋಗಿ ಆ ಪಟದ ಹಾರ ತೆಗೆ. ಕುಂಕುಮ ಒರೆಸು. ಆಮೇಲೆ ಬಂದು ಮುಂದಿನದು ಓದು.

ಅವಳ ಹೆಸರು ಗುಲ್ನೋರಾ. ಇಲ್ಲಿನ ದೊಡ್ಡ ಮಾರ್ಕೆಟ್ಟಿನಲ್ಲಿ ದುಂಡನೆಯ ರೊಟ್ಟಿ ಮಾರುತ್ತಾಳೆ. ನಿನ್ನೆ ಕೊತ್ತಂಬರಿ ತರಲು ಹೋದೆ. ಹಿಮ ಬಿದ್ದಿತ್ತು. ದೂರದಿಂದಲೇ ನನ್ನ ಗುರುತು ಹಿಡಿದು "ಹಿಂದಿಸ್ತಾನ್! ಹಿಂದಿಸ್ತಾನ್!" ಅಂತ ಕೂಗಿ ಕರೆದಳು. ಬಿಸಿ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು. ಕೆಮ್ಮುತ್ತಿದ್ದಳು, ಮೂಗು ಕೆಂಪಾಗಿತ್ತು. ಮಚ್ಚೆ ಅವಳದೇ. ಬದುಕಿರುವ ಹೆಂಗಸು ಶ್ರೀಲತಾ. ಮಕ್ಕಳಿರುವ, ರೊಟ್ಟಿ ಮುರಿದು ಕೊಡುವ ಹೆಂಗಸಿನ ಪಟಕ್ಕೆ ನಮ್ಮ ಮನೆಯಲ್ಲಿ ಹಾರ ಬಿದ್ದಿದೆ. ನಮ್ಮಲ್ಲಿ ಹಗೆಯವರಿಗೂ ಹೀಗೆ ಮಾಡುವುದಿಲ್ಲ. ಬಾಯಿಗಿಟ್ಟ ರೊಟ್ಟಿ ನೆತ್ತಿಗೇರಿತು. ಅವಳು ಮಾತ್ರ ಬೆನ್ನು ತಟ್ಟಿ ನೀರು ಕೊಟ್ಟಳು.

ನಾನು ಮೋಸ ಮಾಡಬೇಕೆಂದು ಆ ಚಿತ್ರ ಕಳಿಸಲಿಲ್ಲ. ತಮಾಷೆಗೂ ಅಲ್ಲ. ಯಾರು ಅಂತ ಹೇಳುವುದಿಲ್ಲ ಅಂದದ್ದು ನಿನ್ನನ್ನು ಪರೀಕ್ಷೆ ಮಾಡಲು ಅಲ್ಲ, ನನಗೇ ಗೊತ್ತಿರಲಿಲ್ಲ. ನೀನು ಯುಗಾದಿಗೆ ಕೇಳಿದಾಗ ಕಣ್ಣು ಮುಚ್ಚಿ ನೋಡಿದೆ. ಏನೂ ಬರಲಿಲ್ಲ. ಎದುರಿಗೆ ಕಂಡರೆ ಗುರುತು ಹತ್ತಬಹುದು ಅಂದುಕೊಂಡು ಊರೂರಿನ ಹೆಂಗಸರನ್ನು ಕೂರಿಸಿ ಬರೆದೆ. ಒಬ್ಬಳ ಹಣೆ, ಒಬ್ಬಳ ಕೆನ್ನೆ. ಗುಲ್ನೋರಾ ತಲೆಬಟ್ಟೆ ಸರಿಮಾಡಿಕೊಂಡಾಗ ಪೆನ್ಸಿಲ್ ತೆಗೆದೆ. ಅಕ್ಕನ ಮುಖ ಇದೇ ಇರಬೇಕು ಅನ್ನಿಸಿತು. ನಾರಮ್ಮ ನೋಡಲಿ, ಅವಳು ಹೌದು ಅಂದರೆ ಹೌದು ಅಂತ ಕಳಿಸಿದೆ. ನೀನು ಅಮ್ಮ ತಾನೇ ಅಂತ ಕೇಳಿದೆ. ಆ ಮುದುಕಿ ನಿನ್ನ ಮುಖ ನೋಡಿ ಇಲ್ಲ ಅನ್ನಲಾರದೆ ಹೋದಳು. ಅವಳನ್ನು ಬೈಯಬೇಡ. ನಿನ್ನ ಕಾಗದ ಓದಿ ನಾನೂ ನಂಬಿದೆ. ಹಿಂದೂಪುರದ ರೂಮಿನಲ್ಲಿ ಕೆಲವು ದಿನ ನನಗೂ ಅಕ್ಕ ಇದ್ದಳು. ನಿನ್ನೆ ಗುಲ್ನೋರಾ ನಕ್ಕಾಗ ಗೊತ್ತಾಯಿತು, ಇವಳು ಬೇರೆ ಯಾರೋ.

ಅನಿತಾಳಿಗೆ ಹೇಳು, ಅವಳ ಮಚ್ಚೆ ಅವಳದೇ, ಯಾರಿಂದಲೂ ತೆಗೆದುಕೊಂಡಿದ್ದಲ್ಲ.

ಕಲ್ಯಾಣದುರ್ಗದ ಬಸ್ಸು ಹತ್ತಿ ಹತ್ತಿ ಇಳಿದದ್ದು ಯಾಕೆಂದು ಈಗ ನಿನಗೆ ತಿಳಿಯಿತು. ಬಂದರೆ ನೀನು ಹಾಳೆ ಪೆನ್ಸಿಲ್ ತಂದು ಮುಂದಿಡುತ್ತಿದ್ದೆ.

ನನ್ನಲ್ಲಿ ಇರುವುದನ್ನು ಹೇಳುತ್ತೇನೆ. ನೇಯ್ದ ಸೀರೆಗಳ ಗಂಟು ತಲೆಯ ಮೇಲಿಟ್ಟುಕೊಂಡು ಅಕ್ಕ ಮುಂದೆ ಹೋಗುತ್ತಿದ್ದಳು, ಹಿಂದೂಪುರದ ಸಾಹುಕಾರರ ಅಂಗಡಿಗೆ. ನಾನು ಹಿಂದೆ. ಅವಳದು ಬಿರುಸು ನಡಿಗೆ, ನನಗೆ ಯಾವತ್ತೂ ಸಮ ಆಗಲಿಲ್ಲ. "ಬಾರ್ಲಾ, ಬಸ್ಸು ಹೊಂಟೋಯ್ತದೆ" ಅಂತ ತಿರುಗದೆಯೇ ಕೂಗುತ್ತಿದ್ದಳು. ಗಂಟು ಬೀಳುತ್ತದೆ ಅಂತ ತಿರುಗುತ್ತಿರಲಿಲ್ಲ. ಕತ್ತಿನ ಕುಳಿ, ಅಲ್ಲಿ ಅಂಟಿದ ಕೂದಲು, ಹಿಮ್ಮಡಿಯ ಬಿರುಕು, ಎತ್ತಿದ ಎಡಗೈಯ ಮೊಳಕೈ. ಅಷ್ಟನ್ನು ಈಗ ಕತ್ತಲಲ್ಲಿ ಕೂರಿಸಿದರೂ ಬರೆಯುತ್ತೇನೆ. ಆದರೆ ಬೆನ್ನಿಗೆ ಯಾರು ಕುಂಕುಮ ಇಡುತ್ತಾರೆ?

ನೀನು ಕೇಳಿದ್ದೀಯ, ಮೈಬಣ್ಣ ಯಾವುದು, ಕಣ್ಣು ಕಪ್ಪೋ ಕಂದೋ, ನಕ್ಕರೆ ಹೇಗೆ ಅಂತ. ಒಂಚೂರು ಮಸುಕಾಗಿದೆ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಮೂಗು ಹೋಗಿದೆ, ಕಣ್ಣು ಉಳಿದಿದೆ ಅಂದುಕೊಂಡೆ. ಕಣ್ಣು ಹೋಗಿದೆ, ತುಟಿ ಉಳಿದಿದೆ ಅಂದುಕೊಂಡೆ. ಯಾವುದೂ ಉಳಿದಿಲ್ಲ. ನಾನು ಕಳೆದುಕೊಂಡದ್ದು ಒಂಚೂರಲ್ಲ ಶ್ರೀಲತಾ, ಇಡೀ ಮುಖ.

ಓಬುಳಪತಿ